ಸ್ಲೋ ಕುಕ್ಕರ್‌ನಲ್ಲಿ ದನದ ಬಾಡು: ಮಾಂಸ ಹಣ್ಣಾಗಿ ಬೆಂದಿತು, ಆಲೂಗಡ್ಡೆ ಬೇಯಲಿಲ್ಲ

ಇಲ್ಲಿ ಇದನ್ನು ಪಾಟ್ ರೋಸ್ಟ್ ಅಂತಾರೆ. ದನದ ಹೆಗಲ ಭಾಗದ ಒಂದೇ ದೊಡ್ಡ ಖಂಡ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಒಂದು ಲೋಟ ರಸ. ಬೆಳಿಗ್ಗೆ ಎಲ್ಲವನ್ನೂ ಪಾತ್ರೆಗೆ ತುಂಬಿ ಗುಂಡಿ ತಿರುಗಿಸಿ ಕೆಲಸಕ್ಕೆ ಹೋದರೆ ಸಂಜೆ ಬಾಗಿಲು ತೆಗೆಯುವಷ್ಟರಲ್ಲಿ ಊಟ ರೆಡಿ ಅಂತ ಅಮೆರಿಕದಲ್ಲಿ ಎಲ್ಲರೂ ಹೇಳುತ್ತಾರೆ. ಮಾಂಸದ ಮಟ್ಟಿಗೆ ಅದು ಪೂರ್ತಿ ನಿಜ. ಆಲೂಗಡ್ಡೆಯ ವಿಷಯದಲ್ಲಿ ನಿಜವಲ್ಲ, ಮತ್ತು ಯಾಕಲ್ಲ ಅನ್ನೋದು ಗೊತ್ತಾಗೋಕೆ ನನಗೆ ಈ ಚಳಿಗಾಲದ ಬಹುಪಾಲು ಬೇಕಾಯಿತು. ಈಗ ಸರಿಬಂದಿದೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ನಾವಿರೋದು ಒಹಾಯೋದ ಕೊಲಂಬಸ್‌ನಲ್ಲಿ. ಊರು ಕೋಲಾರದ ಕಡೆ. ಮನೆಯಲ್ಲಿ ದನದ ಬಾಡಿನ ಸಾರು, ಮುದ್ದೆ ತಿಂದೇ ಬೆಳೆದವನು ನಾನು, ಹಾಗಾಗಿ ಬಾಡು ಬೇಯಿಸೋದು ಹೊಸದಲ್ಲ. ಹೊಸದು ಈ ಪಾತ್ರೆ.

ಸಾಮಾನು ಮತ್ತು ಖರ್ಚು

ಸ್ಲೋ ಕುಕ್ಕರ್: 6 ಕ್ವಾರ್ಟ್, ಅಂದರೆ ಸುಮಾರು ಐದೂಮುಕ್ಕಾಲು ಲೀಟರ್. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಒಂದೇ ಗುಂಡಿ: ಲೋ, ಹೈ, ವಾರ್ಮ್. ಟೈಮರ್ ಇಲ್ಲ. ಬುಡದಲ್ಲಿ 240 ವ್ಯಾಟ್ ಅಂತ ಬರೆದಿದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ 9 ಡಾಲರಿಗೆ ಸಿಕ್ಕಿತು. ಮುಚ್ಚಳ ಅಲುಗಾಡದೆ ಕೂರುತ್ತಾ, ಪಿಂಗಾಣಿಯಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ನೋಡಿ ತಗೊಂಡೆ. ಬಿರುಕಿದ್ದರೆ ಯಾವ ಬೆಲೆಗೂ ಬೇಡ.

10 ಇಂಚಿನ ಬೀಡುಕಬ್ಬಿಣದ ಬಾಣಲೆ. ಮಾಂಸಕ್ಕೆ ಚುಚ್ಚುವ, ವೈರ್ ಇರುವ ಎರಡು ಕಡ್ಡಿಯ ಥರ್ಮಾಮೀಟರ್. ಇದು ಮೊದಲು ಇರಲಿಲ್ಲ, ಆಮೇಲೆ ತಂದದ್ದು. ಇದಿಲ್ಲದಿದ್ದರೆ ಇವತ್ತಿಗೂ ಕತ್ತಲಲ್ಲೇ ತಡಕಾಡುತ್ತಿದ್ದೆ.

ಒಂದು ಪಾತ್ರೆಗೆ ಆಗುವ ಖರ್ಚು, ನನ್ನ ಚೀಟಿಯ ಪ್ರಕಾರ: ಚಕ್ ರೋಸ್ಟ್, ಅಂದರೆ ಆ ಹೆಗಲ ಖಂಡ, 3 ಪೌಂಡ್ (1.36 ಕಿಲೋ) ಸುಮಾರು 24 ಡಾಲರ್. ಆಲೂಗಡ್ಡೆ 2 ಪೌಂಡ್ 1.80. ಕ್ಯಾರೆಟ್ 1 ಪೌಂಡ್ 1.30. ಈರುಳ್ಳಿ 1 ಡಾಲರ್. ಬೀಫ್ ಬ್ರಾತ್, ಅಂದರೆ ದನದ ಮೂಳೆ, ಮಾಂಸ ಬೇಯಿಸಿ ಸೋಸಿದ ತಿಳಿ ರಸ, 1 ಕಪ್ 70 ಸೆಂಟ್. ಬೆಳ್ಳುಳ್ಳಿ, ಮೆಣಸು, ಪಲಾವ್ ಎಲೆ, ಟೊಮ್ಯಾಟೊ ಪೇಸ್ಟ್, ಕಾರ್ನ್‌ಫ್ಲೋರ್ ಎಲ್ಲ ಸೇರಿ 1 ಡಾಲರ್. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆ, ಇಡೀ ದಿನಕ್ಕೆ ಒಂದೂವರೆ ಯೂನಿಟ್ ಒಳಗೇ ಕರೆಂಟು, ಅಂದರೆ ಕಾಲು ಡಾಲರ್. ಒಟ್ಟು 30 ಡಾಲರ್, ಆರು ಊಟ. ಮಾಂಸದ ಬೆಲೆಯೇ ಎಲ್ಲ, ಉಳಿದದ್ದು ಚಿಲ್ಲರೆ.

ಹಂತ 1: ಎಲ್ಲರೂ ಹೇಳುವಂತೆ

ಫ್ರಿಜ್‌ನಿಂದ ತೆಗೆದ ಮಾಂಸ ನೇರವಾಗಿ ತಳಕ್ಕೆ. ಅದರ ಮೇಲೆ ಈರುಳ್ಳಿ, ಕ್ಯಾರೆಟ್, ಕೊನೆಗೆ ಒಂದೂವರೆ ಇಂಚಿನ ಆಲೂಗಡ್ಡೆ ತುಂಡು. ಎರಡು ಕಪ್ ತಣ್ಣನೆ ಬ್ರಾತ್. ಒಂದು ಸಣ್ಣ ಡಬ್ಬಿ ಹೆಚ್ಚಿದ ಟೊಮ್ಯಾಟೊ. ನಮ್ಮ ನಾಲಿಗೆಗೆ ಸ್ವಲ್ಪ ಹುಳಿ ಇರಲಿ ಅಂತ ಒಂದು ಚಮಚ ಹುಣಸೆ ರಸ. ಗುಂಡಿ ಲೋ. ಎಂಟು ಗಂಟೆ.

ಸಂಜೆ ಫೋರ್ಕ್ ಚುಚ್ಚಿದರೆ ಮಾಂಸ ತಾನಾಗೇ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಆಲೂಗಡ್ಡೆಗೆ ಫೋರ್ಕ್ ಚುಚ್ಚಿದರೆ ಹೊರಗಿನ ಪದರ ದಾಟಿದ ಮೇಲೆ ನಡುವೆ ಟಕ್ ಅಂತ ನಿಂತಿತು. ಒಂದು ತುಂಡನ್ನು ಕತ್ತರಿಸಿ ನೋಡಿದೆ. ಬೆಂದ ಆಲೂಗಡ್ಡೆ ಒಡೆದ ಕಡೆ ಹಿಟ್ಟು ಹಿಟ್ಟಾಗಿ ಕಾಣಬೇಕು. ಇದು ಚಾಕು ಹೋದ ದಾರಿಯಲ್ಲೇ ನುಣ್ಣಗೆ, ಮೇಣದ ಹಾಗೆ ಹೊಳೆಯುತ್ತಿತ್ತು, ನಡುವೆ ಒಂದು ರೂಪಾಯಿ ನಾಣ್ಯದಷ್ಟು ಭಾಗ ಇನ್ನೂ ಬೆಳ್ಳಗೆ, ಹಸಿ. ಬಾಯಿಗೆ ಹಾಕಿದರೆ ಕರುಂ ಅಂದಿತು. ಮತ್ತೆ ಎರಡು ಗಂಟೆ ಹೈಯಲ್ಲಿಟ್ಟೆ. ಮಾಂಸ ನಾರು ನಾರಾಗಿ ರಸದಲ್ಲಿ ಕಲಸಿಹೋಯಿತು, ಆಲೂಗಡ್ಡೆ ಮಾತ್ರ ಹಾಗೇ ಕೂತಿತ್ತು.

ರಸವೂ ನೀರು ನೀರು. ಕುಕ್ಕರ್ ಒಳಗೆ ಆವಿ ಹೊರಗೆ ಹೋಗೋದಿಲ್ಲ, ಮುಚ್ಚಳಕ್ಕೆ ತಾಗಿ ಮತ್ತೆ ಕೆಳಕ್ಕೇ ತೊಟ್ಟಿಕ್ಕುತ್ತದೆ, ಅದರ ಮೇಲೆ ಮಾಂಸವೂ ತನ್ನ ನೀರು ಬಿಡುತ್ತದೆ. ಹಾಕಿದ್ದು ಎರಡು ಕಪ್, ಸಂಜೆ ಅಳೆದಾಗ ಮೂರೂವರೆ ಕಪ್ ಹತ್ತಿರ.

ಹಂತ 2: ಜಾಗ ಬದಲು, ಹುಳಿ ಹೊರಗೆ

ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಪಾತ್ರೆ ಎಂಥದ್ದು, ಬೆಂಕಿ ಎಲ್ಲಿ ಅಂತೆಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಅಂದರು: "ಏನೋ ನೀನು, ಬ್ಯಾಳೆ ಬೇಯೋಕೆ ಮುಂಚೆ ಹುಳಿ ಹಾಕ್ತಾರೇನೋ ಯಾರಾದ್ರೂ?"

ಅದು ನನಗೂ ಗೊತ್ತಿದ್ದದ್ದೇ. ಹುಣಸೆಹುಳಿ ಮೊದಲೇ ಬಿದ್ದರೆ ಬೇಳೆ ಗಟ್ಟಿ ನಿಲ್ಲುತ್ತೆ, ಕಾಳು ಬೇಯಲ್ಲ, ನಮ್ಮ ಕಡೆ ಅಡುಗೆ ಕಲಿಯುವ ಮಕ್ಕಳಿಗೆ ಮೊದಲು ಹೇಳಿಕೊಡುವ ಮಾತೇ ಅದು. ಆಲೂಗಡ್ಡೆಗೂ ಅದೇ ನಿಯಮ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗೋದಿಲ್ಲ. ಒಲೆಯ ಮೇಲೆ ಕುದಿಯುವ ಸಾರಿನಲ್ಲಿ ಹೇಗೋ ದಾಟಿಕೊಂಡು ಬೇಯುತ್ತದೆ, ಕುದಿಯದೇ ಬೆಚ್ಚಗೆ ಕೂರುವ ಈ ಪಾತ್ರೆಯಲ್ಲಿ ಆಗೋದಿಲ್ಲ. ಟೊಮ್ಯಾಟೊ, ಹುಣಸೆ, ವಿನೆಗರ್, ಕೆಲವರು ಸುರಿಯುವ ಕೆಂಪು ವೈನ್, ಎಲ್ಲವೂ ಒಂದೇ ಲೆಕ್ಕ. ವೂಸ್ಟರ್‌ಶೈರ್ ಸಾಸ್ ಬಾಟಲಿಯ ಹಿಂದೆ ಓದಿದೆ, ಅದರಲ್ಲೂ ವಿನೆಗರ್ ಇದೆ, ಹುಣಸೆಯೂ ಇದೆ. ಎಲ್ಲವನ್ನೂ ಕೊನೆಗೆ ಅಂತ ಎತ್ತಿಟ್ಟೆ.

ಎರಡನೇ ಬದಲಾವಣೆ ಜಾಗ. ಈ ಕುಕ್ಕರ್‌ಗಳಲ್ಲಿ ಬಿಸಿ ಬರೋದು ಪಿಂಗಾಣಿಯ ಸುತ್ತಲಿನ ಗೋಡೆಯಿಂದ. ಗೋಡೆಗೂ ತಳಕ್ಕೂ ತಾಗಿಕೊಂಡು, ರಸದೊಳಗೆ ಮುಳುಗಿದ್ದದ್ದು ಮೊದಲು ಬೇಯುತ್ತದೆ. ಮೇಲೆ ಆವಿಯಲ್ಲಿ ಕೂತದ್ದು ಹಿಂದೆ ಬೀಳುತ್ತದೆ. ಹಾಗಾಗಿ ಗಟ್ಟಿ ತರಕಾರಿ ಕೆಳಗೆ, ಮಾಂಸ ಮೇಲೆ.

ಫಲಿತಾಂಶ: ಗೋಡೆ ಪಕ್ಕದ ತುಂಡುಗಳು ಬೆಂದಿದ್ದವು. ನಡುವೆ, ಮಾಂಸದ ಅಡಿಯಲ್ಲಿದ್ದ ತುಂಡುಗಳು ಮುಕ್ಕಾಲು ಬೆಂದು ನಿಂತಿದ್ದವು. ತಿನ್ನಬಹುದು, ಬಡಿಸಿ ಖುಷಿಪಡುವಂತಿಲ್ಲ. ನನ್ನ ಹೆಂಡತಿ ತಟ್ಟೆಯ ಅಂಚಿಗೆ ನಾಲ್ಕು ತುಂಡು ಸರಿಸಿಟ್ಟು, "ರೀ, ಇವು ಇನ್ನೂ ಓದ್ತಾ ಇವೆ, ಪಾಸಾಗಿಲ್ಲ" ಅಂದಳು.

ಹಂತ 3: ತುಂಡು ಸಣ್ಣ ಮಾಡಿದ್ದು, ಜಾತಿ ಬದಲಿಸಿದ್ದು

ಸಣ್ಣಗೆ ಹೆಚ್ಚಿದರೆ ಬೇಗ ಬೇಯುತ್ತೆ ಅನ್ನೋದು ಸಹಜವಾಗಿ ಹೊಳೆಯುವ ಉಪಾಯ. ಮುಕ್ಕಾಲು ಇಂಚಿಗೆ ಹೆಚ್ಚಿದೆ. ಅವತ್ತು ಮನೆಯಲ್ಲಿದ್ದದ್ದು ರಸೆಟ್, ಇಲ್ಲಿನ ಒರಟು ಕಂದು ಸಿಪ್ಪೆಯ ಉದ್ದ ಆಲೂಗಡ್ಡೆ. ಗೋಡೆ ಪಕ್ಕದ್ದೆಲ್ಲ ಕರಗಿ ರಸ ಗಂಜಿಯಾಯಿತು, ನಡುವಿನದು ಆಗಲೂ ಗಟ್ಟಿ. ಒಂದೇ ಪಾತ್ರೆಯಲ್ಲಿ ಎರಡೂ ತೊಂದರೆ. ಇದರಿಂದ ಒಂದು ವಿಷಯ ಖಚಿತವಾಯಿತು: ತೊಂದರೆ ಗಾತ್ರದ್ದಲ್ಲ.

ಜಾತಿ ಮುಖ್ಯ ಅನ್ನೋದೂ ಅವತ್ತೇ ಗೊತ್ತಾಯಿತು. ರಸೆಟ್‌ನಲ್ಲಿ ಪಿಷ್ಟ ಜಾಸ್ತಿ, ಹಿಟ್ಟಾಗಿ ಒಡೆಯುತ್ತದೆ. ಫ್ರೈಗೂ, ಓವನ್‌ನಲ್ಲಿ ಇಡಿಯಾಗಿ ಸುಡೋಕೂ ಅದು ಸರಿ. ಇಡೀ ದಿನ ರಸದಲ್ಲಿ ಕೂರಬೇಕಾದ ಅಡುಗೆಗೆ ಕೆಂಪು ಸಿಪ್ಪೆಯ ಸಣ್ಣ ಆಲೂಗಡ್ಡೆ ಅಥವಾ ಯೂಕಾನ್ ಗೋಲ್ಡ್ ಬೇಕು. ಯೂಕಾನ್ ಗೋಲ್ಡ್ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ತಳಿ ಮಾಡಿ 1980ರಲ್ಲಿ ಬಿಡುಗಡೆ ಮಾಡಿದ ಹಳದಿ ತಿರುಳಿನ ಆಲೂಗಡ್ಡೆ. ಬೆಂದ ಮೇಲೂ ಆಕಾರ ಬಿಡೋದಿಲ್ಲ, ಬೆಣ್ಣೆಯ ರುಚಿ ಇದೆ. ಅಲ್ಲಿಂದೀಚೆಗೆ ಅದನ್ನೇ ತರುತ್ತಿದ್ದೇನೆ.

ಇದೇ ಸಮಯದಲ್ಲಿ ಮಾಂಸದಲ್ಲೂ ಒಂದು ಪ್ರಯೋಗ ನಡೆಯಿತು. ಬಾಟಮ್ ರೌಂಡ್, ಅಂದರೆ ಹಿಂತೊಡೆಯ ಭಾಗ, ಪೌಂಡಿಗೆ ಒಂದು ಡಾಲರ್ ಕಡಿಮೆ ಇತ್ತು. ತಂದೆ. ಒಳಗೆ ಕೊಬ್ಬಿನ ಎಳೆ ಇಲ್ಲ, ಎಂಟು ಗಂಟೆ ರಸದಲ್ಲಿದ್ದರೂ ಬಾಯಲ್ಲಿ ಒಣ ಒಣ. ಹೆಗಲ ಮಾಂಸದಲ್ಲಿ ಕೊಬ್ಬೂ ಇದೆ, ಸ್ನಾಯುಗಳ ನಡುವೆ ಬೆಳ್ಳಗೆ ಅಂಟಂಟಾದ ಪದರವೂ ಇದೆ. ಹೊತ್ತು ಕೊಟ್ಟರೆ ಆ ಪದರವೇ ಕರಗಿ ಜೆಲಾಟಿನ್ ಆಗಿ ರಸಕ್ಕೆ ಮೈ ಕೊಡೋದು. ದುಬಾರಿ ಸ್ಟೇಕ್ ಖಂಡವೂ ಇದಕ್ಕೆ ಬೇಡ. ಅಂಗಡಿಯಲ್ಲಿ ಆರಿಸುವಾಗ ನಾನೀಗ ನೋಡೋದು ಎರಡೇ: ಕೆಂಪಿನ ನಡುವೆ ಬಿಳಿ ಗೀಟು ಎಲ್ಲ ಕಡೆ ಹರಡಿದೆಯಾ, ಖಂಡ ಎರಡೂವರೆ ಇಂಚಾದರೂ ದಪ್ಪ ಇದೆಯಾ.

ಹಂತ 4: ಥರ್ಮಾಮೀಟರ್

ಊಹೆ ಸಾಕು ಅಂತ ಅಳೆಯೋಕೆ ಕೂತೆ. ಒಂದು ಕಡ್ಡಿ ಮಾಂಸದ ನಡುವಿಗೆ, ಇನ್ನೊಂದು ತಳದ ನಡುವಿದ್ದ ದಪ್ಪ ಆಲೂಗಡ್ಡೆಯ ಒಳಕ್ಕೆ. ವೈರ್ ತೆಳ್ಳಗಿರೋದರಿಂದ ಮುಚ್ಚಳ ಹೆಚ್ಚುಕಡಿಮೆ ಪೂರ್ತಿ ಕೂರುತ್ತದೆ. ರಜೆಯ ದಿನ, ಮೊದಲಿನಂತೆಯೇ ತಣ್ಣನೆ ಬ್ರಾತ್, ಪೂರಾ ಲೋ.

1 ಗಂಟೆ: ಮಾಂಸ 14 ಡಿಗ್ರಿ, ಆಲೂಗಡ್ಡೆ 38.
2 ಗಂಟೆ: ಮಾಂಸ 33, ಆಲೂಗಡ್ಡೆ 54.
3 ಗಂಟೆ: ಮಾಂಸ 51, ಆಲೂಗಡ್ಡೆ 63.
4 ಗಂಟೆ: ಮಾಂಸ 66, ಆಲೂಗಡ್ಡೆ 71.
6 ಗಂಟೆ: ಮಾಂಸ 81, ಆಲೂಗಡ್ಡೆ 82.
8 ಗಂಟೆ: ಮಾಂಸ 90, ಆಲೂಗಡ್ಡೆ 88.

ಎಲ್ಲ ಸೆಲ್ಸಿಯಸ್. ಈ ಪಟ್ಟಿ ನೋಡಿದ ಮೇಲೆ ಗಂಟು ಬಿಚ್ಚಿಕೊಂಡಿತು. ಮಾಂಸದ ಅಂಟು ಪದರ 70 ಡಿಗ್ರಿ ದಾಟಿದಲ್ಲಿಂದ ನಿಧಾನವಾಗಿ ಕರಗೋಕೆ ಶುರುವಾಗುತ್ತದೆ, 90 ಮುಟ್ಟುವಷ್ಟರಲ್ಲಿ ಫೋರ್ಕಿಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಹೊತ್ತು, ಹೊತ್ತು ಸಿಕ್ಕಿದೆ. ಆಲೂಗಡ್ಡೆಗೆ ಬೇಕಾದದ್ದು ಬಿಸಿ. 80ರ ಕೆಳಗೆ ಅದು ಎಷ್ಟು ಹೊತ್ತು ಕೂತರೂ ಸರಿಯಾಗಿ ಮೆತ್ತಗಾಗೋದಿಲ್ಲ. ಎಂಟು ಗಂಟೆಯ ಅಡುಗೆಯಲ್ಲಿ ಅದಕ್ಕೆ ನಿಜವಾಗಿ ಬೇಯುವ ಹೊತ್ತು ಸಿಕ್ಕಿದ್ದು ಕೊನೆಯ ಎರಡು ಗಂಟೆ ಮಾತ್ರ.

ಅದಕ್ಕಿಂತ ಕೆಟ್ಟದ್ದು ಎರಡರಿಂದ ನಾಲ್ಕನೇ ಗಂಟೆಯೊಳಗೆ ನಡೆದದ್ದು. 55ರಿಂದ 70 ಡಿಗ್ರಿ ನಡುವೆ ಆಲೂಗಡ್ಡೆ ಬಹಳ ಹೊತ್ತು ಇದ್ದರೆ ಅದರೊಳಗಿನ ಒಂದು ಕಿಣ್ವ ಪೆಕ್ಟಿನ್ನನ್ನು ಬದಲಿಸಿ ಇನ್ನಷ್ಟು ಬಿಗಿ ಮಾಡಿಬಿಡುತ್ತದೆ. ಆಮೇಲೆ ಕುದಿಸಿದರೂ ಅದು ಸುಲಭವಾಗಿ ಸಡಿಲಾಗೋದಿಲ್ಲ. ಹಂತ 1ರಲ್ಲಿ ಹೈಯಲ್ಲಿ ಮತ್ತೆ ಎರಡು ಗಂಟೆ ಇಟ್ಟರೂ ತುಂಡುಗಳು ಅಲುಗದೆ ನಿಂತದ್ದು ಇದಕ್ಕೇ. ನಾನು ಆಲೂಗಡ್ಡೆ ಬೇಯಿಸುತ್ತಿದ್ದೇನೆ ಅಂದುಕೊಂಡ ಹೊತ್ತಿನಲ್ಲಿ ಪಾತ್ರೆ ಅದನ್ನು ಗಟ್ಟಿ ಮಾಡುತ್ತಿತ್ತು.

ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ: ಆಲೂಗಡ್ಡೆಯನ್ನು ಆ 55–70ರ ನಡುವಿನಿಂದ ಬೇಗ ದಾಟಿಸಬೇಕು. ಬೇಗ ದಾಟಿಸೋದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಅಮೆರಿಕದ ಕೃಷಿ ಇಲಾಖೆ 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯನ್ನು ಅಪಾಯದ ವಲಯ ಅನ್ನುತ್ತದೆ, ಸೂಕ್ಷ್ಮಜೀವಿ ಬೆಳೆಯೋದು ಅಲ್ಲೇ. ಫ್ರೀಜರಿನಿಂದ ತೆಗೆದ ಗಡ್ಡೆಕಟ್ಟಿದ ಮಾಂಸವನ್ನು ಹಾಗೇ ಸ್ಲೋ ಕುಕ್ಕರ್‌ಗೆ ಹಾಕಬೇಡಿ ಅಂತ ಹೇಳೋದೂ ಅದಕ್ಕೇ. ಹಿಂದಿನ ದಿನವೇ ಫ್ರಿಜ್‌ಗೆ ಇಳಿಸಿ ಪೂರ್ತಿ ಕರಗಿಸಬೇಕು.

ಈ ಪಾತ್ರೆಯ ಮೂಲವೂ ಇದನ್ನೇ ಹೇಳುತ್ತದೆ, ಅದು ನನಗೆ ತುಂಬ ಹಿಡಿಸಿತು. ಇದನ್ನು ಮಾಡಿದವರು ಶಿಕಾಗೋದ ಇರ್ವಿಂಗ್ ನ್ಯಾಕ್ಸನ್, ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಲಿಥುವೇನಿಯಾದಲ್ಲಿ ಬೆಳೆದ ಅವರ ತಾಯಿ ಹೇಳುತ್ತಿದ್ದ ಚೋಲೆಂಟ್ ಅನ್ನುವ ಅಡುಗೆಯೇ ಅದಕ್ಕೆ ಪ್ರೇರಣೆ. ಶನಿವಾರ ಒಲೆ ಹಚ್ಚದ ಯಹೂದಿ ಮನೆಗಳಲ್ಲಿ ಮಾಂಸ, ಆಲೂಗಡ್ಡೆ, ಕಾಳು ಎಲ್ಲ ಸೇರಿಸಿದ ಮಡಕೆಯನ್ನು ಶುಕ್ರವಾರ ಸಂಜೆ ಬೇಕರಿಯ ಆರುತ್ತಿರುವ ಒಲೆಯೊಳಗೆ ಇಟ್ಟು ಮರುದಿನ ತೆಗೆಯುತ್ತಿದ್ದರು. ರೈವಲ್ ಕಂಪನಿ ನ್ಯಾಕ್ಸನ್ ಅವರಿಂದ ಕೊಂಡು 1971ರಲ್ಲಿ ಕ್ರಾಕ್‌ಪಾಟ್ ಅಂತ ಹೊಸ ಹೆಸರಿಟ್ಟು ಮಾರಿತು. ಚೋಲೆಂಟ್ ಮಡಕೆ ನಿಧಾನದ ಒಲೆಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಕುದಿ ಬಂದಿರುತ್ತಿತ್ತು. ಬಿಸಿಯಾಗಿ ಶುರುವಾಗಿ ಆಮೇಲೆ ನಿಧಾನ. ನಾವು ತಣ್ಣಗೆ ಶುರು ಮಾಡಿ ನಿಧಾನದಿಂದಲೇ ಎಲ್ಲವನ್ನೂ ಬಯಸುತ್ತಿದ್ದೇವೆ.

ಹಂತ 5: ಬಿಸಿ ಶುರು

ಮೊದಲು ಹೊಳೆದದ್ದು ಬ್ರಾತ್ ಕುದಿಸಿ ಸುರಿಯೋದು. ತಣ್ಣನೆಯ ಪಿಂಗಾಣಿಗೆ ಕುದಿಯುವ ರಸ ಬಿದ್ದರೆ ಅದು ಸೀಳುತ್ತದೆ, ಹಾಗಾಗಿ ಪಾತ್ರೆಯೂ ಜೊತೆಗೇ ಬಿಸಿಯಾಗಬೇಕು. ಖಾಲಿ ಪಾತ್ರೆ ಕಾಯಿಸೋದೂ ಸರಿಯಲ್ಲ. ಮಾಡಿದ್ದು ಹೀಗೆ: ಈರುಳ್ಳಿ, ಆಲೂಗಡ್ಡೆ ತಳಕ್ಕೆ ಹಾಕಿ, ನಲ್ಲಿಯ ಬಿಸಿನೀರು ಅರ್ಧ ಕಪ್ ಸುರಿದು, ಮುಚ್ಚಳ ಮುಚ್ಚಿ ಹೈಯಲ್ಲಿಟ್ಟೆ. ಪಕ್ಕದಲ್ಲಿ ಬಾಣಲೆ ಕಾಯಿಸಿ ಮಾಂಸ ಬಾಡಿಸೋಕೆ ಶುರು. ಅದು ಮುಗಿಯುವ ಇಪ್ಪತ್ತೈದು ನಿಮಿಷದಲ್ಲಿ ಪಾತ್ರೆ ಕೈ ತಾಗಿಸಲಾಗದಷ್ಟು ಬಿಸಿಯಾಗಿರುತ್ತದೆ, ಆಲೂಗಡ್ಡೆಯೂ ಮುಂದೆ ಹೊರಟಿರುತ್ತದೆ.

ಮಾಂಸ ಬಾಡಿಸೋದು ಬೇಕೇ ಬೇಕಾ ಅನ್ನೋದಕ್ಕೆ ನನ್ನ ಉತ್ತರ: ಬೇಕು. ಬಿಟ್ಟು ನೋಡಿದ್ದೇನೆ. ಬೂದು ಬಣ್ಣದ ಖಂಡ, ಬೇಯಿಸಿದ ನೀರಿನ ರುಚಿಯ ರಸ. ಸ್ಲೋ ಕುಕ್ಕರ್ ಏನನ್ನೂ ಕೆಂಪಗೆ ಮಾಡೋದಿಲ್ಲ, ಒಳಗೆ ಬರೀ ತೇವ. ಆ ಕಂದು ರುಚಿ ಹೊರಗಿನಿಂದಲೇ ತರಬೇಕು. ಪೇಪರ್ ಟವೆಲ್‌ನಲ್ಲಿ ಮಾಂಸವನ್ನು ಒತ್ತಿ ಒತ್ತಿ ಒರೆಸಬೇಕು. ತೇವ ಉಳಿದರೆ ಬಾಡೋದಿಲ್ಲ, ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಇನ್ನೇನು ಹೊಗೆಯಾಡಬೇಕು ಅನ್ನುವಾಗ ಮಾಂಸ ಇಳಿಸಿ, ನಾಲ್ಕು ನಿಮಿಷ ಮುಟ್ಟಬಾರದು. ತಾನಾಗಿ ತಳ ಬಿಟ್ಟು ಮೇಲೇಳುವಾಗ ತಿರುವಬೇಕು. ಎಳೆದರೆ ಹರಿಯುತ್ತೆ ಅಂದರೆ ಇನ್ನೂ ಆಗಿಲ್ಲ ಅಂತಲೇ ಅರ್ಥ. ಎರಡೂ ಮಗ್ಗುಲು, ಆಮೇಲೆ ಚಿಮಟದಲ್ಲಿ ಎತ್ತಿಹಿಡಿದು ಅಂಚುಗಳು. ಅಪಾರ್ಟ್‌ಮೆಂಟಿನಲ್ಲಿರೋರು ಮೊದಲೇ ಕಿಟಕಿ ತೆಗೆದು ಫ್ಯಾನ್ ಹಾಕಿ. ಹೊಗೆ ಅಲಾರಂ ಬೆಳಿಗ್ಗೆ ಆರೂವರೆಗೆ ಕೂಗಿದರೆ ಪಕ್ಕದ ಮನೆಯವರಿಗೆ ತೊಂದರೆ.

ಮಾಂಸ ತೆಗೆದ ಬಾಣಲೆಗೆ ಒಂದು ಕಪ್ ಬ್ರಾತ್. ತಳಕ್ಕೆ ಹಿಡಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ, ಕುದಿ ಬಂದ ಕೂಡಲೇ ಪಾತ್ರೆಗೆ. ಕರಕಲಾಗಿದ್ದರೆ ಕೆರೆಯಬೇಡಿ, ಕಹಿ ಇಡೀ ಪಾತ್ರೆಗೆ ಹೋಗುತ್ತದೆ.

ಆ ದಿನದ ಅಳತೆ: ಒಂದೇ ಗಂಟೆಗೆ ಆಲೂಗಡ್ಡೆ 74 ಡಿಗ್ರಿ. ಎರಡು ಗಂಟೆಗೆ 82. ನಾಲ್ಕಕ್ಕೆ 90. ಸಂಜೆ ಇಳಿಸುವಾಗ ಆಲೂಗಡ್ಡೆ 96, ಮಾಂಸ 94. ಕತ್ತರಿಸಿ ನೋಡಿದೆ: ನಡುವಿನವರೆಗೂ ಒಂದೇ ಹಳದಿ ಬಣ್ಣ, ಒಡೆದ ಕಡೆ ಹಿಟ್ಟು ಹಿಟ್ಟು, ಆಕಾರ ಹಾಗೇ, ರಸ ಒಳಗಿನವರೆಗೂ ಇಳಿದು ಅಂಚು ಕಂದು. ತುಂಡಿನ ಗಾತ್ರ ಈ ಸಲ ಎರಡು ಇಂಚು. ಬಿಸಿ ಸರಿಯಾಗಿ ಸಿಕ್ಕರೆ ದೊಡ್ಡ ತುಂಡೇ ಒಳ್ಳೆಯದು, ಇಡೀ ದಿನ ಒಡೆಯದೆ ನಿಲ್ಲುತ್ತದೆ.

ಹಂತ 6: ರಸ

ಸಂಜೆ ಮಾಂಸ, ತರಕಾರಿ ಎತ್ತಿ ತಟ್ಟೆಗೆ ಹಾಕಿ ಮುಚ್ಚಿಡುತ್ತೇನೆ. ರಸವನ್ನು ಅಗಲ ಪಾತ್ರೆಗೆ ಬಗ್ಗಿಸಿ ಐದು ನಿಮಿಷ ಬಿಟ್ಟರೆ ಕೊಬ್ಬು ಮೇಲೆ ನಿಲ್ಲುತ್ತದೆ. ಸೌಟಿನಲ್ಲಿ ತೆಗೆದು ಒಂದು ಬಟ್ಟಲಿಗೆ ಹಾಕಿಡುತ್ತೇನೆ, ಮರುದಿನ ಒಗ್ಗರಣೆಗೆ ಆಗುತ್ತದೆ. ರಸ ಒಲೆಯ ಮೇಲೆ ಕುದಿ ಬಂದಾಗ ಟೊಮ್ಯಾಟೊ ಪೇಸ್ಟ್ ಒಂದು ದೊಡ್ಡ ಚಮಚ, ವೂಸ್ಟರ್‌ಶೈರ್ ಒಂದು ದೊಡ್ಡ ಚಮಚ, ಬೇಕಿದ್ದರೆ ಹುಣಸೆ ರಸ ಅರ್ಧ ಚಮಚ. ಹುಳಿಗೆ ಈಗ ಅಡ್ಡಿಯಿಲ್ಲ, ಬೇಯಬೇಕಾದದ್ದು ಬೆಂದಾಗಿದೆ. ಹತ್ತು ನಿಮಿಷ ಕುದಿಸಿ ಹಸಿ ವಾಸನೆ ಹೋದ ಮೇಲೆ ಕಾರ್ನ್‌ಫ್ಲೋರ್ ಎರಡು ದೊಡ್ಡ ಚಮಚವನ್ನು ಅಷ್ಟೇ ತಣ್ಣೀರಿನಲ್ಲಿ ಕಲಸಿ, ಕೈಯಾಡಿಸುತ್ತಾ ಸುರಿಯೋದು. ಬಿಸಿ ರಸಕ್ಕೆ ಒಣ ಹಿಟ್ಟು ಉದುರಿಸಿದರೆ ಗಂಟು ಕಟ್ಟುತ್ತದೆ. ಒಂದು ನಿಮಿಷ ಕುದಿದರೆ ಸೌಟಿನ ಬೆನ್ನಿಗೆ ಅಂಟುವಷ್ಟು ಮಂದ ಬರುತ್ತದೆ. ಉಪ್ಪು ನೋಡೋದು ಇಲ್ಲಿ. ಮೊದಲೇ ಪೂರ್ತಿ ಉಪ್ಪು ಹಾಕಬೇಡಿ, ಅಂಗಡಿಯ ಬ್ರಾತ್‌ನಲ್ಲಿ ಉಪ್ಪು ಬೇಕಾದಷ್ಟಿರುತ್ತದೆ. ಉಪ್ಪು ಕಡಿಮೆ ಇರುವ ಡಬ್ಬವೇ ತರೋದು ವಾಸಿ.

ಈಗ ನಡೆಯುತ್ತಿರುವ ಕ್ರಮ, ಕೆಲಸದ ದಿನದಲ್ಲಿ

ಹಿಂದಿನ ರಾತ್ರಿ: ಮಾಂಸಕ್ಕೆ ಎರಡು ಟೀ ಚಮಚ ಉಪ್ಪು, ಒಂದು ಟೀ ಚಮಚ ಕುಟ್ಟಿದ ಕರಿಮೆಣಸು ಸವರಿ, ತಟ್ಟೆಯಲ್ಲಿ ತೆರೆದೇ ಫ್ರಿಜ್‌ನಲ್ಲಿಡೋದು. ಮೇಲ್ಮೈ ಒಣಗುತ್ತದೆ, ಬೆಳಿಗ್ಗೆ ಬೇಗ ಬಾಡುತ್ತದೆ. ಪಿಂಗಾಣಿ ಪಾತ್ರೆಯನ್ನು ಮಾತ್ರ ಫ್ರಿಜ್‌ನಲ್ಲಿ ಇಡಬಾರದು.

6:10: ಎರಡು ಈರುಳ್ಳಿ ದಪ್ಪ ಬಿಲ್ಲೆಯಾಗಿ, ಯೂಕಾನ್ ಗೋಲ್ಡ್ ಎರಡು ಇಂಚಿನ ತುಂಡಾಗಿ ತಳಕ್ಕೆ. ಬಿಸಿನೀರು ಅರ್ಧ ಕಪ್. ಹೈ.

6:15: ಬಾಣಲೆ ಬಿಸಿಗೆ. ಮಾಂಸ ಬಾಡಿಸೋದು.

6:35: ಆರು ಎಸಳು ಬೆಳ್ಳುಳ್ಳಿ ಜಜ್ಜಿ, ಎರಡು ಪಲಾವ್ ಎಲೆ, ಕ್ಯಾರೆಟ್ ಎರಡೆರಡು ಇಂಚಿನ ತುಂಡು ಸೇರಿಸಿ, ಮೇಲೆ ಮಾಂಸ ಕೂರಿಸಿ, ಕುದಿಯುವ ಬ್ರಾತ್ ಸುತ್ತ ಸುರಿದು ಮುಚ್ಚೋದು. ಪಾತ್ರೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ತುಂಬಿರಬೇಕು.

7:35: ಹೊರಡುವಾಗ ಲೋಗೆ ತಿರುಗಿಸೋದು. ನಡುವೆ ಮುಚ್ಚಳ ತೆಗೆಯಬಾರದು. ಒಂದು ಸಲ ತೆಗೆದರೆ ಕಳೆದ ಬಿಸಿ ಮತ್ತೆ ತುಂಬೋಕೆ ಇಪ್ಪತ್ತು ನಿಮಿಷವಾದರೂ ಬೇಕು.

4:30: ಮನೆಗೆ. ಫೋರ್ಕ್ ಹಾಕಿ ತಿರುಗಿಸಿದರೆ ಮಾಂಸ ಬಿಚ್ಚಬೇಕು. ಬಿಚ್ಚದಿದ್ದರೆ ಇನ್ನರ್ಧ ಗಂಟೆ ಬಿಡೋದು. ಗಟ್ಟಿ ಅನಿಸೋದು ಬೆಂದದ್ದು ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಮಾಂಸವನ್ನು ಎಳೆಗೆ ಅಡ್ಡಲಾಗಿ ಕೊಯ್ದು, ರಸ ಮಂದ ಮಾಡಿ ಬಡಿಸೋದು.

ಊರಿನಲ್ಲಿರುವವರಿಗೆ

ತಮ್ಮ ಬೆಂಗಳೂರಿನಲ್ಲಿ ಇದನ್ನು ಮಾಡಬೇಕು ಅಂದ. ಕರ್ನಾಟಕದಲ್ಲಿ 2020ರ ಕಾಯ್ದೆಯ ಪ್ರಕಾರ ಹಸು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಹಾಗಾಗಿ ಅಲ್ಲಿ ಸಿಗೋದು ಬಲಿತ ಎಮ್ಮೆ ಮಾಂಸ. ಅದರಲ್ಲಿ ಕೊಬ್ಬು ಕಡಿಮೆ, ನಾರು ಗಟ್ಟಿ. ಅವನಿಗೆ ಹೇಳಿದ್ದು: ಮೂಳೆ ಸಮೇತ ಮುಂಗಾಲಿನ ಮಾಂಸ ತಗೋ, ಲೋಯಲ್ಲಿ ಹತ್ತು ಗಂಟೆ ಲೆಕ್ಕ ಇಟ್ಟುಕೋ, ಆಲೂಗಡ್ಡೆಯನ್ನು ಆರನೇ ಗಂಟೆಗೆ ಬೇರೆ ಪಾತ್ರೆಯಲ್ಲಿ ಅರ್ಧ ಬೇಯಿಸಿ ಬಿಸಿಯಾಗಿಯೇ ಸೇರಿಸು. ಮುಚ್ಚಳ ತೆಗೆದ ನಷ್ಟಕ್ಕೆ ಮತ್ತೆ ಅರ್ಧ ಗಂಟೆ ಹೈ. ಕರೆಂಟು ಹೋಗಿಬರುವ ಕಡೆ ಮನೆಯಲ್ಲಿ ಯಾರೂ ಇಲ್ಲದಾಗ ಇಡಬೇಡ. ಪಾತ್ರೆ ಎಷ್ಟು ಹೊತ್ತು ಆರಿತ್ತು ಅನ್ನೋದು ಗೊತ್ತಾಗದಿದ್ದರೆ, ಬೆಂದ ಹಾಗೆ ಕಂಡರೂ ಆ ಮಾಂಸ ತಿನ್ನಬಾರದು. ಕುರಿಯ ಹೆಗಲ ಮಾಂಸದಲ್ಲಿ ಮಾಡಿದರೆ ಆರರಿಂದ ಏಳು ಗಂಟೆ ಸಾಕು.

ಮಿಕ್ಕಿದ್ದು

ಪಿಂಗಾಣಿ ಪಾತ್ರೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲೇ ಬಿಟ್ಟರೆ ಮಿಕ್ಕಿದ್ದು ಬಹಳ ಹೊತ್ತು ಉಗುರುಬೆಚ್ಚಗೆ ಕೂರುತ್ತದೆ. ಊಟವಾದ ಮೇಲೆ ಎರಡು ಗಂಟೆಯೊಳಗೆ ಆಳ ಕಡಿಮೆ ಇರುವ ಡಬ್ಬಿಗಳಿಗೆ ಹಾಕಿ ಫ್ರಿಜ್‌ಗೆ. ಮತ್ತೆ ಬಿಸಿ ಮಾಡೋದು ಒಲೆಯ ಮೇಲೆ, ಕುದಿ ಬರುವ ತನಕ. ಸ್ಲೋ ಕುಕ್ಕರ್‌ನಲ್ಲಿ ಬಿಸಿ ಮಾಡಬಾರದು, ತಣ್ಣಗಿನದು ಅಲ್ಲಿ ಬಿಸಿಯಾಗೋಕೆ ಗಂಟೆಗಟ್ಟಲೆ ಬೇಕು. ಮರುದಿನ ನಾವು ಎಳೆ ಬಿಡಿಸಿದ ಮಾಂಸಕ್ಕೆ ಅದೇ ಕೊಬ್ಬಿನಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಧನಿಯಾ ಪುಡಿ ಹಾಕಿ ಹುರಿದು ಮುದ್ದೆಗೆ ನೆಂಚಿಕೊಳ್ಳುತ್ತೇವೆ. ಫ್ರೀಜರಿಗೆ ಹಾಕೋದಾದರೆ ಮಾಂಸ ಮತ್ತು ರಸ ಮಾತ್ರ. ಆಲೂಗಡ್ಡೆಯನ್ನು ಆರಿಸಿ ತೆಗೆದು ಅವತ್ತೇ ಮುಗಿಸಿಬಿಡಬೇಕು, ಗಡ್ಡೆಕಟ್ಟಿ ಕರಗಿದ ಮೇಲೆ ಅದು ನೀರು ಬಿಟ್ಟು ಮರಳು ಮರಳಾಗುತ್ತದೆ.